ಹ್ಯಾಂಗ್ ಆಗಿದ್ದು ಲ್ಯಾಪ್‌ಟಾಪ್ ಅಲ್ಲ, ಕಂಪೈಲರ್

ಮಾನ್ಯ ಸಂಪಾದಕರೇ,

ಕೋಡಿಂಗ್ ಕಲಿಯುವ ಮಕ್ಕಳಿಗಾಗಿ ನಿಮ್ಮ ಪತ್ರಿಕೆಯಲ್ಲಿ ಬರುವ ಬರಹಗಳನ್ನು ತಪ್ಪದೆ ಓದುತ್ತೇನೆ. ಯಾವ ಭಾಷೆ ಕಲಿಯಬೇಕು, ಕೆಲಸ ಹೇಗೆ ಸಿಗುತ್ತದೆ ಅನ್ನುವುದೆಲ್ಲ ಬರುತ್ತಿದೆ, ಸಂತೋಷ. ಆದರೆ ಕಂಪ್ಯೂಟರ್ ಏನೂ ಹೇಳದೆ ಸುಮ್ನೆ ನಿಂತುಬಿಟ್ಟರೆ ಏನು ಮಾಡಬೇಕು ಅಂತ ಯಾರೂ ಬರೆಯುವುದಿಲ್ಲ.

ನನ್ನ ತಂಗಿಯ ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಕಾಮನ್ ಲಿಸ್ಪ್ ಭಾಷೆಯಲ್ಲಿ ಪಂಚಾಂಗದ ಒಂದು ಸಣ್ಣ ಪ್ರೋಗ್ರಾಂ ಬರೆಯಲು ಹೊರಟಳು. ಪ್ರಭವ, ವಿಭವ, ಶುಕ್ಲ ಅಂತ ಶುರುವಾಗಿ ಅಕ್ಷಯದವರೆಗೆ 60 ಸಂವತ್ಸರ, ಆಮೇಲೆ ಮತ್ತೆ ಪ್ರಭವ. 1987ರ ಯುಗಾದಿಗೆ ಬಂದ ಪ್ರಭವ ಇನ್ನು 2047ಕ್ಕೇ ಬರುವುದು. ಸುತ್ತುವ ಲೆಕ್ಕಕ್ಕೆ ಸುತ್ತುವ ಪಟ್ಟಿಯೇ ಇರಲಿ ಅಂತ ಅವಳು ಪಟ್ಟಿಯ ಬಾಲವನ್ನು ತಲೆಗೇ ಕಟ್ಟಿದಳು. ಇದೇನು ಅವಳು ಹುಟ್ಟುಹಾಕಿದ ಕಸರತ್ತಲ್ಲ. ತಲೆಗೆ ಹ್ಯಾಶ್ ಗುರುತಿನ ಜೊತೆ ಒಂದು ನಂಬರ್ ಕೊಟ್ಟು ಬಾಲದಲ್ಲಿ ಅದೇ ನಂಬರ್ ಬರೆಯುವ ಪದ್ಧತಿ ಆ ಭಾಷೆಯ 1994ರ ಸ್ಟ್ಯಾಂಡರ್ಡ್‌ನಲ್ಲೇ ಇದೆ.

ಬರೆದ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ಬದಲಾಯಿಸುವ ಕಂಪೈಲರ್‌ಗೆ ಫೈಲನ್ನು ಕೊಟ್ಟಳು. ಕರ್ಸರ್ ಮಿನುಗುತ್ತಾ ಅಲ್ಲೇ ನಿಂತಿತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಒಳಗಿನ ಫ್ಯಾನ್ ಮಾತ್ರ ಜೋರಾಗಿ ತಿರುಗುತ್ತಿದೆ. ಕಾಲೇಜಿನಲ್ಲಿ ಕೇಳಿದರೆ ಲ್ಯಾಪ್‌ಟಾಪ್ ಹಳೆಯದು, ರ‍್ಯಾಮ್ ಹಾಕಿಸು ಅಂದರಂತೆ. ಹಾಕಿಸಿದಳು. ದುಡ್ಡು ಹೋಯಿತು, ಕರ್ಸರ್ ಅಲ್ಲೇ ಇತ್ತು. "ಮಾಮ, ನನಗೆ ಈ ಓದು ಆಗಲ್ಲ ಅನ್ಸುತ್ತೆ" ಅಂತ ರಾತ್ರಿ ಫೋನ್ ಮಾಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು, ಯಾಕೆಂದರೆ ತಪ್ಪು ಅವಳದೂ ಅಲ್ಲ, ಲ್ಯಾಪ್‌ಟಾಪಿನದೂ ಅಲ್ಲ.

ಆಗಿದ್ದು ಇಷ್ಟೇ. ಕೋಡಿನೊಳಗೆ ನೇರವಾಗಿ ಬರೆದ ಪಟ್ಟಿಯನ್ನು ಕಂಪೈಲರ್ ಇನ್ನೊಂದು ಫೈಲಿಗೆ ಇಳಿಸಬೇಕು. ಅದಕ್ಕಾಗಿ ಒಂದೊಂದೇ ಹೆಸರನ್ನು ದಾಟುತ್ತಾ ಕೊನೆ ಸಿಗುವವರೆಗೆ ನಡೆಯುತ್ತದೆ. ಈ ಪಟ್ಟಿಗೆ ಕೊನೆಯೇ ಇಲ್ಲ, ಅಕ್ಷಯ ದಾಟಿದರೆ ಪ್ರಭವ, ಹೀಗೆ ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ. ಎಷ್ಟು ರ‍್ಯಾಮ್ ಹಾಕಿದರೇನು, ಎತ್ತು ಸುತ್ತುವುದು ನಿಲ್ಲುವುದಿಲ್ಲ.

ಅವಳ ಮೇಷ್ಟ್ರೊಬ್ಬರು ಪ್ರೋಗ್ರಾಂ ನಿಲ್ಲುತ್ತದೋ ಇಲ್ಲವೋ ಅಂತ ಹೇಳಲಾಗದು, 1936ರಲ್ಲೇ ಗಣಿತಜ್ಞ ಅಲನ್ ಟ್ಯೂರಿಂಗ್ ತೋರಿಸಿದ್ದಾನೆ ಅಂದರಂತೆ. ಟ್ಯೂರಿಂಗ್ ಮಾತು ನಿಜ, ಆದರೆ ಅದು ಯಾವುದೇ ಪ್ರೋಗ್ರಾಂ ಕೊಟ್ಟರೂ ಉತ್ತರ ಹೇಳುವ ಒಂದೇ ವಿಧಾನದ ಬಗ್ಗೆ. ಇಲ್ಲಿರುವುದು 60 ಹೆಸರು! 61ನೇ ಹೆಜ್ಜೆಗೆ ಮೊದಲಿನ ಜಾಗಕ್ಕೇ ಬಂದಿದ್ದೇವೆ ಅಂತ ತಿಳಿಯುವುದು ಕಷ್ಟವೇ? ತೋಟದಲ್ಲಿ ಮರ ಎಣಿಸುವಾಗ ಎಣಿಸಿದ ಮರಕ್ಕೆ ಸುಣ್ಣದ ಗುರುತು ಹಾಕುತ್ತೇವಲ್ಲ, ಕಂಪೈಲರ್ ಕೂಡ ದಾಟಿ ಬಂದದ್ದನ್ನು ಒಂದು ಟೇಬಲ್‌ನಲ್ಲಿ ಬರೆದಿಟ್ಟುಕೊಂಡರೆ ಸಾಕು. ಅಷ್ಟು ಮೆಮೊರಿ ಬೇಡ ಅಂದರೆ ಕಂಪ್ಯೂಟರ್ ವಿಜ್ಞಾನಿ ರಾಬರ್ಟ್ ಫ್ಲಾಯ್ಡ್ ಹೆಸರಿನ ಆಮೆ-ಮೊಲದ ವಿಧಾನ ಇದೆ. ಆಮೆ ಒಂದು ಹೆಜ್ಜೆ, ಮೊಲ ಎರಡು ಹೆಜ್ಜೆ. ಪಟ್ಟಿಗೆ ಕೊನೆ ಇದ್ದರೆ ಮೊಲ ಅಲ್ಲಿಗೆ ತಲುಪುತ್ತದೆ, ಸುತ್ತು ಇದ್ದರೆ ಮೊಲ ಮತ್ತೆ ಆಮೆಯ ಕೈಗೇ ಸಿಗುತ್ತದೆ. ಲಿಸ್ಪ್‌ನಲ್ಲೇ ಪಟ್ಟಿಯ ಉದ್ದ ಅಳೆಯುವ ಲಿಸ್ಟ್-ಲೆಂಗ್ತ್ ಅನ್ನುವ ಫಂಕ್ಷನ್ ಸುತ್ತು ಕಂಡರೆ ನಿಲ್, ಅಂದರೆ ಏನೂ ಇಲ್ಲ, ಅಂತ ಉತ್ತರ ಕೊಟ್ಟು ವಾಪಸ್ ಬರುತ್ತದೆ. ಪೈಥಾನ್‌ನಲ್ಲಿ ಒಂದು ಲಿಸ್ಟಿನೊಳಗೆ ಅದನ್ನೇ ಹಾಕಿ ಪ್ರಿಂಟ್ ಮಾಡಿ ನೋಡಿ, ಮೂರು ಚುಕ್ಕಿ ಇಟ್ಟು ಮುಗಿಸುತ್ತದೆ. ಅದನ್ನೇ ಜೇಸನ್‌ಗೆ, ಅಂದರೆ ಮಾಹಿತಿಯನ್ನು ಅಕ್ಷರಗಳಲ್ಲಿ ಬರೆದಿಡುವ ಒಂದು ರೂಪಕ್ಕೆ, ಬದಲಾಯಿಸಲು ಹೋದರೆ ಸುತ್ತು ಇದೆ ಅಂತ ಎರರ್ ಕೊಡುತ್ತದೆ. ಮಾಡಿಕೊಡಬೇಕು, ಇಲ್ಲ ಆಗಲ್ಲ ಅನ್ನಬೇಕು. ಏನೂ ಹೇಳದೆ ಸುತ್ತುತ್ತಾ ಇರುವ ಕಂಪೈಲರ್ ಅನ್ನು ನಾನು ಸರಿ ಅಂತ ಒಪ್ಪುವುದಿಲ್ಲ. ಗುರುತು ಹಾಕುತ್ತಾ ಹೋದರೆ ಕೆಲಸ ಸ್ವಲ್ಪ ನಿಧಾನವಾಗುತ್ತದೆ, ಗೊತ್ತು. ಹಾಗಂತ ಒಬ್ಬ ಹುಡುಗಿಯ ಒಂದು ವಾರ ಹಾಳಾಗಬೇಕಾ?

ಅವಳ ಸಮಸ್ಯೆ ಬಗೆಹರಿಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ, ಯಾವ ಫಂಕ್ಷನ್ ಒಳಗೆ ಸಿಕ್ಕಿಕೊಂಡಿದೆ ಅಂತ ಬ್ಯಾಕ್‌ಟ್ರೇಸ್ ನೋಡಿದೆವು. ಆಮೇಲೆ 60 ಹೆಸರನ್ನು ಸಾದಾ ಪಟ್ಟಿಯಾಗಿ ಬರೆದು, ಪ್ರೋಗ್ರಾಂ ಓಡುವಾಗ ಬಾಲವನ್ನು ತಲೆಗೆ ಸೇರಿಸುವಂತೆ ಬದಲಾಯಿಸಿದೆವು. ಪ್ರಿಂಟ್ ಮಾಡುವಾಗ ಸುತ್ತನ್ನು ಗುರುತಿಸುವ ಪ್ರಿಂಟ್-ಸರ್ಕಲ್ ಅನ್ನುವ ಸೆಟ್ಟಿಂಗನ್ನೂ ಆನ್ ಮಾಡಿಸಿದೆ. ಅದು ಮೊದಲಿಗೆ ಆಫ್ ಇರುತ್ತದೆ, ಹಾಗೇ ಬಿಟ್ಟು ಪಟ್ಟಿಯನ್ನು ಪ್ರಿಂಟ್ ಮಾಡಿದರೆ ಅಲ್ಲಿಯೂ ಇದೇ ಗೋಳು.

ಕಾಲೇಜುಗಳಲ್ಲಿ ಸರ್ಕ್ಯುಲರ್ ಲಿಂಕ್ಡ್ ಲಿಸ್ಟ್ ಪಾಠ ಮಾಡುತ್ತಾರೆ, ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಸುತ್ತಿಸುತ್ತಾರೆ. ಲ್ಯಾಬಿನಲ್ಲಿ ಒಂದು ದಿನ ಬೇಕೆಂದೇ ಹ್ಯಾಂಗ್ ಮಾಡಿಸಿ, ನಿಲ್ಲಿಸುವುದು ಹೇಗೆ, ಎಲ್ಲಿ ನೋಡಬೇಕು ಅಂತ ತೋರಿಸಲಿ ಅಂತ ಎಲ್ಲ ಮೇಷ್ಟ್ರುಗಳಲ್ಲಿ ಕೇಳಿಕೊಳ್ಳುತ್ತೇನೆ. ನೀವೂ ಮುಂದಿನ ಬರಹಗಳಲ್ಲಿ ಒಂದನ್ನು ಇದಕ್ಕೇ ಕೊಡಿ. ಆ ರಾತ್ರಿ ಅವಳಿಗೆ ಫೋನ್ ಮಾಡಲು ಒಬ್ಬ ಮಾಮ ಇದ್ದ, ಎಲ್ಲ ಮಕ್ಕಳಿಗೂ ಇರುವುದಿಲ್ಲ ಅಲ್ವಾ?

ಇಂತಿ,
ನಿಮ್ಮ ಓದುಗ, ತೀರ್ಥಹಳ್ಳಿ