ಮಗಳಿಗೊಂದು ಪತ್ರ: ಮಾತಾಡದವರ ಮುಖ ನೋಡು

ನವನಗರ, ಬಾಗಲಕೋಟೆ

ಚಿ. ಮಗಳಿಗೆ ಅವ್ವನ ಆಶೀರ್ವಾದ.

ರೂಮಿನ ಗೆಳತಿಯರ ಜೊತೆ ಶನಿವಾರ ರಾತ್ರಿ ‘ಗಣೇಶನ ಮದುವೆ’, ‘ತಿಥಿ’ ಎರಡನ್ನೂ ಮತ್ತೆ ನೋಡ್ತೀವಿ ಅಂದಿ. ಒಂದೇ ರಾತ್ರಿಗೆ ಎರಡು ಬ್ಯಾಡವ್ವಾ. ಹತ್ತು ಮಂದಿ ಪಾತ್ರಗಳ ಸಿನಿಮಾ ಕಣ್ಣು ದಣಿಸುತ್ತದೆ, ಎರಡನೆಯದನ್ನು ಅರೆನಿದ್ದೆಯಲ್ಲಿ ನೋಡಿದ್ದಕ್ಕೆ ಲೆಕ್ಕವಿಲ್ಲ.

ಮೊಬೈಲ್ ಬಿಟ್ಟು ಟಿವಿಗೆ ಹಚ್ಚಿರಿ. ಅಂಗೈಯಷ್ಟು ಪರದೆಯಲ್ಲಿ ಮಾತಾಡುವವರ ಮುಖ ಅಷ್ಟೇ ಕಾಣುತ್ತದೆ, ಹಿಂದೆ ಬಾಗಿಲಲ್ಲಿ ನಿಂತವರು ಕಳೆದುಹೋಗುತ್ತಾರೆ. ಪಿಕ್ಚರ್ ಮೋಡ್ ‘ಮೂವಿ’ಗೆ ಇಡು. ‘ಜೂಮ್’ ತೆಗೆದು ‘ಒರಿಜಿನಲ್’ ಮಾಡು, ಇಲ್ಲದಿದ್ದರೆ ಹಳೆಯ ಚಿತ್ರದಲ್ಲಿ ತಲೆ, ಕೈ ಕತ್ತರಿಸಿ ಹೋಗುತ್ತವೆ. ಚಲನೆಯನ್ನು ನುಣುಪು ಮಾಡುವ ‘ಮೋಷನ್ ಸ್ಮೂತಿಂಗ್’ ಇದ್ದರೆ ಬಂದ್ ಮಾಡು, ಇಲ್ಲದಿದ್ದರೆ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. ಖಾರಾ ಚುರುಮರಿ ಮೊದಲೇ ತಿಂದು ಮುಗಿಸಿರಿ. ನಾಲ್ಕು ಮಂದಿ ಕರಕರ ಅಗಿಯುವಾಗ ಮೆಲ್ಲನೆಯ ಮಾತು ಕೇಳಿಸುವುದಿಲ್ಲ.

ವೇಗ ಮಾತ್ರ ಹೆಚ್ಚಿಸಬೇಡ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕ ಆಡುವವರನ್ನು ನೆನಪು ಮಾಡಿಕೋ. ಹಾಸ್ಯದವನು ಒಂದು ಮಾತು ಒಗೆದು, ಮಂದಿ ನಕ್ಕು ಸುಮ್ಮನಾಗುವತನಕ ತಡೆಯುತ್ತಾನೆ. ಸಿನಿಮಾದ ನಟ ನಿನ್ನ ನಗುವಿಗೆ ಕಾಯುವುದಕ್ಕಾಗುವುದಿಲ್ಲ. ಅದಕ್ಕೇ ಸಂಕಲನಕಾರ ಆ ಜಾಗದಲ್ಲಿ ಕೇಳಿಸಿಕೊಂಡವನ ಮುಖ ಇಡುತ್ತಾನೆ. 1.5 ಪಟ್ಟು ಓಡಿಸಿದರೆ ಮೊದಲು ಸಾಯುವುದು ಆ ಮುಖ. ನಗು ಇರುವುದೇ ಅಲ್ಲಿ.

‘ಗಣೇಶನ ಮದುವೆ’ (1990, ನಿರ್ದೇಶನ ಫಣಿ ರಾಮಚಂದ್ರ) ಎರಡನೇ ಸಲಕ್ಕೇ ಹೆಚ್ಚು ರುಚಿ. ಅನಂತನಾಗ್ ಮತ್ತು ವಿನಯಾ ಪ್ರಸಾದ್ ವಠಾರದಲ್ಲಿ ಎದುರುಬದುರು ಜಗಳಾಡುತ್ತ, ಬೇರೆ ಹೆಸರಿಟ್ಟುಕೊಂಡು ಪತ್ರದಲ್ಲಿ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಗುಟ್ಟು ನಿನಗೆ ಗೊತ್ತಿರುವುದರಿಂದ ಈ ಸಲ ಕತೆಯ ಹಿಂದೆ ಓಡಬೇಕಿಲ್ಲ. ಮನೆ ಮಾಲೀಕನಾದ ಮುಖ್ಯಮಂತ್ರಿ ಚಂದ್ರು ಗದರುವಾಗ ಅವರನ್ನು ಬಿಟ್ಟು ಸುತ್ತ ನಿಂತ ಬಾಡಿಗೆದಾರರನ್ನು ನೋಡು. ಬಾಡಿಗೆದಾರರು ಅಂಜಿದರೇ ಮಾಲೀಕನ ಸಿಟ್ಟಿಗೆ ತೂಕ.

‘ತಿಥಿ’ಗೆ ಇನ್ನೊಂದು ದಿನ ಇಡು. ಮಂಡ್ಯ ಕಡೆಯ ‘ಕಣ್ಲಾ’, ‘ಬಂದವ್ನೆ’ಗೆ ನಮ್ಮ ಉತ್ತರದ ಕಿವಿ ಹೊಂದಲು ಹತ್ತು ನಿಮಿಷ ಬೇಕು, ತಡಿ. ಕೆಳಗಿನ ಸಬ್‌ಟೈಟಲ್ ಓದುತ್ತ ಕೂತರೆ ಕಣ್ಣು ಮುಖದ ಮೇಲೆ ನಿಲ್ಲುವುದಿಲ್ಲ. ನಿರ್ದೇಶಕ ರಾಮ್ ರೆಡ್ಡಿ ಇದರಲ್ಲಿ ವೃತ್ತಿನಟರನ್ನು ಬಿಟ್ಟು ಊರವರನ್ನೇ ಆಡಿಸಿದ್ದಾರೆ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿಯೂ ಬಂತು. ನೀವು ನಾಲ್ವರು ಇದ್ದೀರಿ, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿಯಿರಿ: ಗಡ್ಡಪ್ಪ, ತಮ್ಮಣ್ಣ, ಅಭಿ, ಕಾವೇರಿ. ಚೀಟಿಯಲ್ಲಿ ಎರಡೇ ಪ್ರಶ್ನೆ: ಇವರಿಗೆ ಏನು ಬೇಕು? ಯಾರಿಂದ ಏನು ಮುಚ್ಚಿಡುತ್ತಾರೆ? ತಮ್ಮಣ್ಣನ ಚೀಟಿ ಬೇಗ ತುಂಬುತ್ತದೆ, ಜಮೀನಿನ ಆಸೆಗೆ ಬದುಕಿರುವ ಅಪ್ಪ ಗಡ್ಡಪ್ಪನ ಮರಣ ಪ್ರಮಾಣಪತ್ರವನ್ನೇ ಮಾಡಿಸುತ್ತಾನಲ್ಲ. ಗಡ್ಡಪ್ಪನದು ಬಹಳ ಹೊತ್ತು ಖಾಲಿ.

ಆಮೇಲೆ ಕುರಿಗಾಹಿಗಳ ಬೆಂಕಿ ಮುಂದೆ ಕೂತು ಆತ ತನ್ನ ಹಿಂದಿನದನ್ನು ಹೇಳುತ್ತಾನೆ. ಅಳುವುದಿಲ್ಲ, ದನಿ ಏರಿಸುವುದಿಲ್ಲ. ಆ ದೃಶ್ಯ ಮೊದಲು ಒಮ್ಮೆ ಪೂರ್ತಿ ನೋಡಿರಿ, ನಡುವೆ ಯಾರೂ ‘ಈಗ ನೋಡ್ರಿ’ ಅನ್ನಬಾರದು. ಮುಗಿದ ಮೇಲೆ ಹಿಂದಕ್ಕೆ ಹೋಗಿ, ಧ್ವನಿ ತೆಗೆದು, ಕೇಳುವವರನ್ನಷ್ಟೇ ನೋಡಿರಿ. ಅಲ್ಲಿಯತನಕ ನಗಿಸಿದ್ದ ಅವನ ಅಲೆದಾಟ ಯಾಕೆ ಅಂತ ಆಗ ತಿಳಿಯುತ್ತದೆ. ನನಗೆ ಇಡೀ ಸಿನಿಮಾದಲ್ಲಿ ಅದಕ್ಕಿಂತ ದೊಡ್ಡ ದೃಶ್ಯ ಇಲ್ಲ.

ಮುಂದಿನ ವಾರಕ್ಕೆ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಇಟ್ಟುಕೋ. ಅದೇ ಅನಂತನಾಗ್, 26 ವರ್ಷದ ಮೇಲೆ, ಮರೆವಿನ ಅಪ್ಪನಾಗಿ. ಆದರೆ ನೀನು ಅದರಲ್ಲೇ ಇರುವ ನಟ ಅಚ್ಯುತ್ ಕುಮಾರ್ ಅವರ ಪಾತ್ರ ಹಿಡಿ. ಚೀಟಿ ಒಗೆಯಬೇಡ, ದೀಪಾವಳಿಗೆ ಬರುವಾಗ ತಗೊಂಡು ಬಾ.

ನಿನ್ನ ಅವ್ವ