ಈ ಸಲ ಕಾಲು ಬಿಡು, ಟೈರು ನೋಡು

ಪ್ರೀತಿಯ ಪುಟ್ಟಿಗೆ,

ಕಾಡುದಾರಿಯ ಸೈಕಲ್ ರೇಸಿಗೆ ಮತ್ತೆ ಹೆಸರು ಕೊಟ್ಟಿದ್ದೀಯ, ಬೆಳಗಾದರೆ ನಂದಿ ಬೆಟ್ಟ ಹತ್ತುತ್ತಿದ್ದೀಯ ಅಂತ ಅಪ್ಪ ಹೇಳಿದರು. ಹತ್ತು, ಬೇಡ ಅನ್ನಲ್ಲ. ಆದರೆ ಹೋದ ವರ್ಷ ನೀನು ಅರ್ಧದಲ್ಲಿ ನಿಂತದ್ದು ಕಾಲಲ್ಲಿ ಕಸುವಿಲ್ಲದೆ ಅಲ್ಲ. ಹಿಂದಿನ ಟೈರಿಗೆ ಜಾಲಿಮುಳ್ಳು ಹೊಕ್ಕಿತು, ಒಳಗೆ ತೂತು ಮುಚ್ಚೋಕೆ ಹಾಕಿದ್ದ ದ್ರವ, ಆ ಸೀಲೆಂಟ್, ಒಣಗಿ ಕೆನೆ ಕಟ್ಟಿದ ಹಾಗೆ ಆಗಿತ್ತು, ಗಾಳಿ ನಿಲ್ಲಲಿಲ್ಲ. ಅದಕ್ಕೆ ಇನ್ನೂ ನೂರು ಕಿಲೋಮೀಟರ್ ತುಳಿಯೋದು ಮದ್ದಲ್ಲ.

ನಮ್ಮ ಚಿಕ್ಕಬಳ್ಳಾಪುರದ ಬಿಸಿಲಿಗೆ ಸೀಲೆಂಟ್ ಎರಡು ಮೂರು ತಿಂಗಳಿಗೇ ಒಣಗುತ್ತೆ. ರೇಸಿಗೆ ಒಂದು ವಾರ ಇರುವಾಗ ಟೈರು ಬಿಚ್ಚಿ, ಹಳೇ ಪೊರೆ ಕಿತ್ತು, ಹೊಸದು ಹಾಕು. ನಿನ್ನ 29 ಇಂಚು, 2.25 ಅಗಲದ ಟೈರಿಗೆ ತಲಾ 100 ಮಿ.ಲೀ. ಸಾಕು. ಬಾಟಲಿಯನ್ನು ಚೆನ್ನಾಗಿ ಕುಲುಕಿಯೇ ಸುರಿ. ತೂತು ಮುಚ್ಚೋ ಕಣಗಳೆಲ್ಲ ತಳದಲ್ಲಿ ಕೂತಿರುತ್ತವೆ. ಮೇಲಿನ ತಿಳಿ ಮಾತ್ರ ಸುರಿದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಹಾಕಿದ ದಿನವೇ ಅರ್ಧ ಗಂಟೆ ಓಡಿಸು, ಒಳಗೆಲ್ಲ ಹರಡಿಕೊಳ್ಳಲಿ. ಪಂಪ್ ಒತ್ತಿದರೂ ಗಾಳಿ ಹೋಗದಿದ್ದರೆ ವಾಲ್ವಿನ ಒಳಗಿನ ಬಿಚ್ಚೋ ತುಂಡಿನಲ್ಲಿ, ಅಂದರೆ ಕೋರಿನಲ್ಲಿ, ಸೀಲೆಂಟ್ ಗಟ್ಟಿಯಾಗಿದೆ ಅಂತ ಅರ್ಥ. ಕೋರ್ ಬದಲಾಯಿಸು.

ದಾರಿಯಲ್ಲಿ ಮುಳ್ಳು ಕಂಡರೆ ಕೀಳೋಕೆ ಹೋಗಬೇಡ. ಗಾಳಿ ಸೋರದಿದ್ದರೆ ಅದೇ ಬಿರಡೆ. ಸೋರುತ್ತಿದ್ದರೆ ಆ ಜಾಗ ಕೆಳಗೆ ಬರೋ ಹಾಗೆ ಚಕ್ರ ತಿರುಗಿಸಿ ಅರ್ಧ ನಿಮಿಷ ನಿಲ್ಲಿಸು, ಸೀಲೆಂಟ್ ಅಲ್ಲಿಗೆ ಇಳಿಯುತ್ತೆ. ಆಗಲೂ ನಿಲ್ಲದಿದ್ದರೆ ತೂತಿಗೆ ರಬ್ಬರ್ ಪ್ಲಗ್ ಚುಚ್ಚು.

ಟ್ಯೂಬ್ ಹಾಕಲೇಬೇಕಾಗಿ ಬಂದರೆ ಇದನ್ನು ಮರೀಬೇಡ: ಟೈರಿನ ಒಳಗೋಡೆಗೆ ಹತ್ತಿಬಟ್ಟೆ ಹಾಕಿ ಒಂದು ಸುತ್ತು ಎಳಿ. ತಿಂಗಳುಗಟ್ಟಲೆ ಓಡಿದ ಟ್ಯೂಬ್‌ಲೆಸ್ ಟೈರಿನಲ್ಲಿ ಮುರಿದ ಮುಳ್ಳಿನ ತುದಿಗಳು ಎಷ್ಟೋ ಇರುತ್ತವೆ, ಸೀಲೆಂಟ್ ಇದ್ದಷ್ಟು ದಿನ ಗೊತ್ತೇ ಆಗಲ್ಲ. ಬಟ್ಟೆ ಸಿಕ್ಕಿಕೊಂಡ ಕಡೆ ಮುಳ್ಳಿದೆ. ಬೆರಳಲ್ಲಿ ಸವರಿದರೆ ಬೆರಳಿಗೇ ಚುಚ್ಚುತ್ತೆ. ಇದನ್ನು ಬಿಟ್ಟರೆ ಹೊಸ ಟ್ಯೂಬ್ ಅಲ್ಲೇ ಪಂಕ್ಚರ್. ಟ್ಯೂಬ್ ಸಪೂರ ವಾಲ್ವಿನದೇ ಇರಲಿ. ಅಂಗಡಿಯಲ್ಲಿ ಸುಲಭಕ್ಕೆ ಸಿಗೋ ದಪ್ಪ ವಾಲ್ವ್ ನಿನ್ನ ರಿಮ್ಮಿನ ತೂತಿಗೆ ಹಿಡಿಸಲ್ಲ. ರಿಮ್ಮಿನ ವಾಲ್ವ್ ನಟ್ಟನ್ನು ಕೈಯಲ್ಲೇ ಬಿಗಿ ಮಾಡು. ಇಕ್ಕಳ ಹಾಕಿ ತಿರುವಿದರೆ ಕಾಡಿನಲ್ಲಿ ಬಿಚ್ಚೋರು ಯಾರು?

ಗಾಳಿ: ನಿನ್ನ 55 ಕಿಲೋ ತೂಕಕ್ಕೆ ಮುಂದೆ 18, ಹಿಂದೆ 21 ಪಿಎಸ್‌ಐ ಇಂದ ಶುರು ಮಾಡು. ಕಲ್ಲಿಗೆ ರಿಮ್ ಬಡಿದ ಸದ್ದು ಕೇಳಿದರೆ ಒಂದೊಂದೇ ಏರಿಸು. ಟ್ಯೂಬ್ ಹಾಕಿದರೆ 26ಕ್ಕಿಂತ ಕಡಿಮೆ ಬೇಡ, ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಜೋಡಿ ತೂತು ಬೀಳುತ್ತೆ. ಪಂಪಿಂದ ಪಂಪಿಗೆ ಮೀಟರ್ ಬೇರೆ ತೋರಿಸುತ್ತೆ, ಹಾಗಾಗಿ ಮನೇ ಪಂಪನ್ನೇ ತಗೊಂಡು ಹೋಗು.

ಇನ್ನು ಡಿರೇಲರ್, ಹಿಂದೆ ಚೈನನ್ನು ಗೇರಿಂದ ಗೇರಿಗೆ ದಾಟಿಸೋ ಭಾಗ. ರಾಗಿ ಕೊಯ್ಲಾದ ಮೇಲೆ ಹಳ್ಳಿ ರಸ್ತೆ ಮೇಲೇ ಒಕ್ಕಣೆ, ಗೊತ್ತಲ್ಲ. ರಾಗಿ ಹುಲ್ಲಿಗಿಂತ ಹುರುಳಿ ಬಳ್ಳಿ ಕೆಟ್ಟದ್ದು. ಡಿರೇಲರಿನ ಪುಟ್ಟ ಚಕ್ರಗಳಿಗೆ ಸುತ್ತಿಕೊಳ್ಳುತ್ತೆ, ನೀನು ಜೋರಾಗಿ ತುಳಿದಷ್ಟೂ ಡಿರೇಲರನ್ನು ಹಿಂದಕ್ಕೆ ಎಳೆದು, ಅದನ್ನು ಫ್ರೇಮಿಗೆ ಹಿಡಿದಿರೋ ಹ್ಯಾಂಗರ್ ಮುರಿಯುತ್ತೆ. ಪೆಡಲ್ ಭಾರ ಅನ್ನಿಸಿದ ತಕ್ಷಣ ನಿಲ್ಲು, ಹಿಂದಕ್ಕೆ ತಿರುಗಿಸಿ ಬಿಡಿಸು. ಹ್ಯಾಂಗರ್ ಸೊಟ್ಟಗಾಗಿದೆಯಾ ಅಂತ ಹಿಂದಿನಿಂದ ಬಗ್ಗಿ ನೋಡು: ಎರಡು ಪುಟ್ಟ ಚಕ್ರವೂ ಮೇಲಿನ ಹಲ್ಲುಚಕ್ರವೂ ಒಂದೇ ಗೆರೆಯಲ್ಲಿರಬೇಕು. ಸೊಟ್ಟಗಿದ್ದು ಕಡಿದಾದ ಏರಿನಲ್ಲಿ ತೀರಾ ಹಗುರದ ಗೇರಿಗೆ ಹಾಕಿದರೆ ಡಿರೇಲರ್ ಸ್ಪೋಕ್‌ನೊಳಗೆ ಹೋಗುತ್ತೆ, ಅಲ್ಲಿಗೆ ಮುಗೀತು. ಒಂದು ಫ್ರೇಮಿನ ಹ್ಯಾಂಗರ್ ಇನ್ನೊಂದಕ್ಕೆ ಕೂರೋದು ಅಪರೂಪ, ಗೆಳತಿಯದು ಸಿಗುತ್ತೆ ಅಂತ ನಂಬಿಕೊಳ್ಳಬೇಡ.

ಚೈನಿನ ಒಂದೊಂದು ಕೊಂಡಿಯ ರೋಲರಿಗೆ ಒಂದೇ ಹನಿ ಎಣ್ಣೆ, ರಾತ್ರಿ ಬಿಟ್ಟು ಬೆಳಗ್ಗೆ ಹೊರಮೈ ಒರೆಸು. ಎಣ್ಣೆ ಹೆಚ್ಚಾದರೆ ಕೆಂಪು ದೂಳು ಅಂಟಿ ಹಲ್ಲು ತೇಯುತ್ತೆ. ಬ್ರೇಕ್ ಪ್ಯಾಡ್ ಹೊಸದಾದರೆ ಇಳಿಜಾರಿನಲ್ಲಿ ಇಪ್ಪತ್ತು ಸಲ ವೇಗದಿಂದ ನಡಿಗೆ ವೇಗಕ್ಕೆ ಇಳಿಸು, ಪೂರ್ತಿ ನಿಲ್ಲಿಸಬೇಡ. ಡಿಸ್ಕಿಗೆ ಎಣ್ಣೆ ಸಿಡಿಯದ ಹಾಗೆ ನೋಡಿಕೋ.

ನಂದಿಯ ಡಾಂಬರು ಉಸಿರನ್ನು ಬೆಳೆಸುತ್ತೆ, ಕೈಯನ್ನಲ್ಲ. ಬಂಡೆ ಮೇಲೆ ಗರಸು ಚೆಲ್ಲಿರೋ ಕಾಲುದಾರಿಯಲ್ಲಿ ವಾರಕ್ಕೆರಡು ಸಲ ಇಳಿ. ಬ್ರೇಕ್ ತಿರುವಿಗೆ ಮುಂಚೆ ಹಿಡಿ. ತಿರುವಿನೊಳಗೆ ಮುಂದಿನ ಬ್ರೇಕ್ ಹಿಡಿದರೆ ಗರಸಿನ ಮೇಲೆ ಮುಂಚಕ್ರ ಜಾರುತ್ತೆ, ಸಾವರಿಸಿಕೊಳ್ಳೋಕೆ ಹೊತ್ತೇ ಸಿಗಲ್ಲ.

ಊಟದ ವಿಷಯ ಅಪ್ಪನ ಮಾತು ಕೇಳಬೇಡ, ಎರಡು ಗಂಟೆ ರೇಸಿಗೆ ಒಂದು ಬಾಳೆಹಣ್ಣು ಸಾಲದು. ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು, ಒಂದು ಹಣ್ಣಿನಲ್ಲಿ ಸಿಗೋದು ಸುಮಾರು 25. ಗಂಟೆಗೆ ಅರ್ಧ ಲೀಟರಿಗೆ ಕಡಿಮೆಯಿಲ್ಲದ ಹಾಗೆ ನೀರು. ರೇಸಿನ ದಿನವೇ ಶಕ್ತಿಗೆ ಅಂತ ಹೊಸ ಜೆಲ್ ತಿಂದು ನೋಡಬೇಡ, ಹೊಟ್ಟೆ ಕೆಡುತ್ತೆ.

ನಿನಗೊಂದು ಬಿಡಿ ಹ್ಯಾಂಗರ್ ತರಿಸಬೇಕು, ಈಗಿರೋದರ ಮೇಲೆ ಅಚ್ಚಾಗಿರೋ ನಂಬರಿನ ಫೋಟೊ ಈ ಭಾನುವಾರದೊಳಗೆ ಕಳಿಸು. ಇಲ್ಲಿ ಸಿಗದಿದ್ದರೆ ಬೆಂಗಳೂರಿನಲ್ಲಿ ಹುಡುಕಿಸೋಕೆ ನನಗೂ ನಾಲ್ಕು ದಿನ ಬೇಕು.

ಇಂತಿ,
ಅಮ್ಮ