ಆ ರಾತ್ರಿ ಟೇಪ್ ಹಿಡಿದು ನಿಂತವರಿಗೆ

ನಮ್ಮ ಕಾಲೇಜಿನ ಅಥ್ಲೆಟಿಕ್ಸ್ ಮೀಟ್ ಮುಗಿದು ಇವತ್ತಿಗೆ ಎಂಟು ದಿನ. ಅವತ್ತೇ ಬರೆಯಬೇಕಿತ್ತು, ಆಗಲಿಲ್ಲ. ಮೊದಲ ಎರಡು ದಿನ ಬರೀ ನಿದ್ದೆ. ಆಮೇಲೆ ಹರ್ಡಲ್ ಒರೆಸಿ ಸ್ಟೋರ್ ರೂಮಿಗೆ ಸೇರಿಸುವುದು, ಬಾವುಟ, ಕೋನ್, ಚೆಸ್ಟ್ ನಂಬರ್ ಎಲ್ಲ ಎಣಿಸಿ ಇಡುವುದು, ಹೀಗೇ ದಿನ ಹೋಯಿತು. ಇವತ್ತು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಚಿಕ್ಕ ಕಾಲೇಜು. ಅಥ್ಲೆಟಿಕ್ಸ್ ತಂಡ ಮುಚ್ಚಿಯೇ ಹೋಗುತ್ತದೆ ಅನ್ನುವ ಹಂತಕ್ಕೆ ಹೇಗೆ ಬಂತು, ಹಳೆಯ ವಿದ್ಯಾರ್ಥಿಗಳು ಹೇಗೆ ಒಬ್ಬೊಬ್ಬರಾಗಿ ಸೇರಿಕೊಂಡರು, ಹುಲ್ಲು ಬೆಳೆದು ಹೋಗಿದ್ದ ಮೈದಾನದಲ್ಲಿ ಮತ್ತೆ ಟ್ರ್ಯಾಕ್ ಹೇಗೆ ಬಂತು, ಇದೆಲ್ಲ ನಿಮಗೆ ಗೊತ್ತಿರುವ ಕಥೆ. ನಿಮ್ಮಲ್ಲಿ ಅರ್ಧ ಜನ ಆ ಹುಲ್ಲು ಕಿತ್ತವರೇ. ಅದನ್ನು ಮತ್ತೆ ಹೇಳುವುದಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಬೇರೆ ಕಾಲೇಜುಗಳು ನಮ್ಮ ಮೈದಾನಕ್ಕೆ ಓಡೋಕೆ ಬಂದವು. ನನಗೆ ಅದೇ ಸಾಕು.

ಸ್ಪೈಕ್ಸ್ (ಓಟದ ಮೊಳೆ ಶೂ) ಕಳಿಸಿದವರಿಗೆ, ದೂರದ ಮೀಟ್‌ಗಳಿಗೆ ಬಸ್ ಖರ್ಚು ಕೊಟ್ಟವರಿಗೆ, ರಜೆ ಹಾಕಿ ಬಂದು ಎರಡು ದಿನ ಬಿಸಿಲಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತವರಿಗೆ, ಮಕ್ಕಳ ಮಂಡಿ, ತೊಡೆ ನೋವಿಗೆ ಬಿಡುವು ಮಾಡಿಕೊಂಡು ನೋಡಿದ ಫಿಸಿಯೋ ಅಕ್ಕನಿಗೆ, ತಿಂಗಳು ತಿಂಗಳು ಸಣ್ಣ ಮೊತ್ತ ಹಾಕಿ ಒಂದು ಸಲವೂ ಲೆಕ್ಕ ಕೇಳದವರಿಗೆ (ಲೆಕ್ಕ ಪೂರ್ತಿ ಇದೆ, ಯಾವಾಗ ಬೇಕಾದರೂ ನೋಡಿ), ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್.

ಎರಡು ವಸ್ತುಗಳ ಬಗ್ಗೆ ಮಾತ್ರ ಬೇರೆ ಹೇಳಬೇಕು, ಯಾಕೆಂದರೆ ಕೊಟ್ಟವರಿಗೆ ತಾವು ಏನು ಕೊಟ್ಟೆವು ಅನ್ನುವುದು ಬಹುಶಃ ಗೊತ್ತಿಲ್ಲ. ಒಂದು, ಹೊಸ ಹರ್ಡಲ್‌ಗಳು. ನಮ್ಮ ಹತ್ತಿರ ಮುಂಚೆ ಇದ್ದದ್ದು ಕಬ್ಬಿಣದ ಪೈಪ್ ಬೆಸುಗೆ ಹಾಕಿಸಿದ್ದು. ಕಾಲು ತಾಗಿದರೆ ಹರ್ಡಲ್ ಬೀಳುತ್ತಿರಲಿಲ್ಲ, ಮಕ್ಕಳು ಬೀಳುತ್ತಿದ್ದರು. ಮೇಲಿನ ಪಟ್ಟಿಯ ಮಧ್ಯಕ್ಕೆ 3.6ರಿಂದ 4 ಕಿಲೋ ಬಲ ಬಿದ್ದರೆ ಹರ್ಡಲ್ ಉರುಳಬೇಕು, ಅದು ನಿಯಮ. ಹೊಸ ಹರ್ಡಲ್ ಮೊದಲ ಸಲ ತಾಗಿ ಪಟ್ ಅಂತ ಉರುಳಿದಾಗ ನಮ್ಮ ಹುಡುಗಿಯೊಬ್ಬಳು ಓಡುವುದು ನಿಲ್ಲಿಸಿ ಹಿಂತಿರುಗಿ ನೋಡಿದಳು. ಅವಳಿಗೆ ನಂಬಿಕೆಯೇ ಬರಲಿಲ್ಲ. ಅವಳ ಮೊಣಕಾಲ ಕೆಳಗೆ ಎರಡು ವರ್ಷದ ಹಳೆಯ ಗಾಯದ ಕಲೆ ಇನ್ನೂ ಇದೆ.

ಇನ್ನೊಂದು ಹೈಜಂಪ್‌ನ ಫೋಮ್ ಬೆಡ್. ಡಿಕ್ ಫಾಸ್‌ಬರಿ ಬೆನ್ನು ಕೆಳಗೆ ಮಾಡಿ ಪಟ್ಟಿ ದಾಟಿ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು 1968ರಲ್ಲಿ. ನಮ್ಮ ಮಕ್ಕಳು ಹೋದ ವರ್ಷದ ತನಕ ಕತ್ತರಿಯ ಹಾಗೆ ಕಾಲು ಎತ್ತಿಯೇ ಹಾರುತ್ತಿದ್ದರು. ಅವರಿಗೆ ಬರುವುದಿಲ್ಲ ಅಂತ ಅಲ್ಲ. ಮರಳಿನ ಗುಂಡಿಯಲ್ಲಿ ಬೆನ್ನಿನ ಮೇಲೆ ಬೀಳು ಅಂತ ಯಾರಿಗೆ ಹೇಳುವುದು? ಕುತ್ತಿಗೆ ಉಳಿಯುತ್ತದಾ? ಈಗ ಇಬ್ಬರು ಹುಡುಗರು ಫಾಸ್‌ಬರಿ ಫ್ಲಾಪ್ ಕಲಿತಿದ್ದಾರೆ. ಕೊಟ್ಟವರು ಬೆಡ್ ಮೇಲೆ ಹೆಸರು ಕೂಡ ಬರೆಸಿಲ್ಲ. ಕಪ್ ಕೊಡುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ. ಬೀಳೋಕೆ ಮೆತ್ತಗಿನ ಜಾಗ ಬೇಕು ಅಂತ ಯೋಚಿಸುವವರು ನನಗೆ ಈ ವರ್ಷವೇ ಸಿಕ್ಕಿದ್ದು.

ಈಗ ಆ ರಾತ್ರಿಗೆ ಬರುತ್ತೇನೆ.

ಮೀಟ್ ಹಿಂದಿನ ದಿನ ಸಂಜೆ ಐದಕ್ಕೆ ಮಾರ್ಕಿಂಗ್ ಮುಗಿದಿತ್ತು. ಆರು ಲೇನ್, ಬಿಳಿ ಗೆರೆ, ಕಣ್ಣಿಗೆ ಹಬ್ಬ. ಆರೂವರೆಗೆ ಮಳೆ ಶುರುವಾಯಿತು. ಒಂಬತ್ತರ ತನಕ ಬಿಡಲಿಲ್ಲ. ನಿಂತಾಗ ಟಾರ್ಚ್ ಹಿಡಿದು ಹೋಗಿ ನೋಡಿದರೆ ಟ್ರ್ಯಾಕ್ ಇರಲಿಲ್ಲ. ನೀರಿತ್ತು, ನೀರಿನ ಮೇಲೆ ಹಾಲಿನ ಹಾಗೆ ಸುಣ್ಣ ತೇಲುತ್ತಿತ್ತು. ನಾನು ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು, ಹಳೆಯ ಮ್ಯಾಟ್ ಮೇಲೆ ಕೂತು ಅತ್ತೆ. ಆಮೇಲೆ ಎಲ್ಲ ಕಾಲೇಜುಗಳಿಗೆ ಕಳಿಸಲು ಮೆಸೇಜ್ ಬರೆದೆ: ಮಳೆಯಿಂದಾಗಿ ಮೀಟ್ ಮುಂದೂಡಲಾಗಿದೆ. ಅದು ಫೋನಿನಲ್ಲಿ ಇನ್ನೂ ಹಾಗೇ ಇದೆ. ಕಳಿಸಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಅವರ ಹೆಸರು ಬರೆಯಬೇಡ ಅಂದಿದ್ದಾರೆ, ಬರೆಯುವುದಿಲ್ಲ. ಮಕ್ಕಳು ಈಗ ಅವರನ್ನು ಮಾರ್ಕಿಂಗ್ ಅಣ್ಣ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ನನಗಿಂತ ತುಂಬಾ ಸೀನಿಯರ್. ಸರ್ವೆ ಕೆಲಸ. ಬೆಳಗ್ಗೆ ಓಟ ನೋಡೋಕೆ ಅಂತ ಹಿಂದಿನ ರಾತ್ರಿಯೇ ಬಂದಿದ್ದರು, ಅಷ್ಟೇ. ಕೈಯಲ್ಲಿ ಸ್ಟೀಲ್ ಟೇಪ್ ಇತ್ತು. ನನ್ನ ಮುಖ ನೋಡಿ ಏನೂ ಕೇಳಲಿಲ್ಲ.

"ಸೆಂಟರ್ ಗೂಟ ಎಲ್ಲಿ ಹುಗಿದಿದ್ದೀಯಮ್ಮ?"

"ನೀರಲ್ಲಿದೆ ಅಣ್ಣ. ಕಾಣಿಸಲ್ಲ."

"ಕಾಣಿಸೋದು ಬೇಡ. ಇದ್ರೆ ಸಾಕು."

ಟ್ರ್ಯಾಕ್ ಅಂದರೆ ನಮಗೆಲ್ಲ ಗೆರೆ. ಅವರಿಗೆ ಎರಡು ಗೂಟ. ಎರಡು ತಿರುವಿನ ಎರಡು ಕೇಂದ್ರಗಳು, ಅವುಗಳ ನಡುವೆ 84.39 ಮೀಟರ್. ಆ ಎರಡು ಸಿಕ್ಕರೆ ಉಳಿದದ್ದೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಹಾಸ್ಟೆಲ್‌ನಿಂದ ಹತ್ತು ಹನ್ನೆರಡು ಮಕ್ಕಳು ಕರೆಯದೆಯೇ ಬಂದರು. ಅರ್ಧ ಜನ ಕಾಲುವೆ ತೋಡಿ, ಬಕೆಟ್ ಹಿಡಿದು ನೀರು ಹೊರಗೆ ಹಾಕಿದರು. ಅಣ್ಣ ಪ್ಯಾಂಟ್ ಮಡಚಿ ನೀರಿಗೆ ಇಳಿದು, ಹಾರೆಯಿಂದ ನೆಲ ಕುಟ್ಟುತ್ತಾ ಹೋದರು. ಮಣ್ಣಿಗೆ ಬಿದ್ದರೆ ದಪ್ ಅನ್ನುತ್ತದೆ. ತುಂಬಾ ಹೊತ್ತಿನ ಮೇಲೆ ಒಂದು ಸಲ ಟಣ್ ಅಂತು. ಒಂದು ಗೂಟ ಸಿಕ್ಕಿತು. ಎರಡನೆಯದನ್ನು ಅವರು ಹುಡುಕಲೇ ಇಲ್ಲ. ಟೇಪ್ ಎಳೆದು 84.39ಕ್ಕೆ ಬೆರಳಿಟ್ಟು, ಬಲಕ್ಕೆ ಎಡಕ್ಕೆ ಸ್ವಲ್ಪ ಸರಿಸಿ, ಇಲ್ಲಿ ಅಗಿ ಅಂದರು. ಅಲ್ಲೇ ಇತ್ತು.

ನಾನು ನಮ್ಮ ಬಟ್ಟೆ ಟೇಪ್ ತಂದು ಕೊಟ್ಟರೆ ಬೇಡ ಅಂದರು. ಒದ್ದೆಯಾದರೆ ಅಳತೆ ವ್ಯತ್ಯಾಸ ಆಗುತ್ತದಂತೆ. ಲಂಬಕ್ಕೆ 30, 40, 50 ಮೀಟರಿನ ತ್ರಿಕೋನ ಹಾಕಿದರು. ಎರಡೂ ಗೂಟದಿಂದ ಎರಡೂ ಕಡೆಗೆ 36.50 ಅಳೆದು ನಾಲ್ಕು ಮೂಲೆ ಗುರುತು ಮಾಡಿದರು. ಕರ್ಣ ಎರಡೂ ಕಡೆಯಿಂದ 111.58 ಬರಬೇಕು. ಮೊದಲ ಸಲ ಎರಡಕ್ಕೂ ಒಂದು ಗೇಣಿನಷ್ಟು ವ್ಯತ್ಯಾಸ ಬಂತು. ಆಗ ರಾತ್ರಿ ಒಂದೂವರೆ. ನಾನು, ಅಣ್ಣ ಇಷ್ಟಕ್ಕೆ ಯಾರು ನೋಡ್ತಾರೆ, ಬಿಡಿ ಅಂದೆ. ಅವರು ಮಾತಾಡಲಿಲ್ಲ. ಮಾಡಿದ್ದನ್ನೆಲ್ಲ ಕಿತ್ತು ಮತ್ತೆ ಮೊದಲಿಂದ ಶುರು ಮಾಡಿದರು.

ಯಾಕೆ ಅಂತ ಆಮೇಲೆ ಗೊತ್ತಾಯಿತು, ಮೂರು ಗಂಟೆಗೆ, ಮಣ್ಣು ಸ್ವಲ್ಪ ಆರಲಿ ಅಂತ ಮೆಟ್ಟಿಲ ಮೇಲೆ ಕೂತಿದ್ದಾಗ. ಅವರು ನಮ್ಮ ಕಾಲೇಜಿನಿಂದ 400 ಮೀಟರ್ ಓಡುತ್ತಿದ್ದವರು. ಕೊನೆಯ ವರ್ಷ, ಬೇರೆ ಊರಿನ ಮೀಟ್, ಫೈನಲ್‌ನಲ್ಲಿ ಆರನೇ ಲೇನ್ ಬಂತು. ಒಂದನೇ ಲೇನಿಗಿಂತ ಹೊರಗಿನ ಲೇನ್‌ಗಳು ಉದ್ದ ಇರುವುದರಿಂದ ಸ್ಟ್ಯಾಗರ್, ಅಂದರೆ ಅಷ್ಟು ಮುಂದೆ ನಿಂತು ಓಡೋಕೆ ಜಾಗ, ಕೊಡುತ್ತಾರಲ್ವಾ, ಎರಡನೇ ಲೇನಿಗೆ 7.04 ಮೀಟರ್, ಅಲ್ಲಿಂದ ಪ್ರತಿ ಲೇನಿಗೆ ಇನ್ನೂ 7.67 ಹತ್ತಿರ. ಆರನೆಯದಕ್ಕೆ 37.70 ಮೀಟರ್ ಮುಂದೆ ನಿಲ್ಲಬೇಕು. ಅವತ್ತು ಅವರನ್ನು ಹಿಂದೆ ನಿಲ್ಲಿಸಿದ್ದರು. ನಾಲ್ಕನೇ ಸ್ಥಾನ ಬಂತು. ಏನೋ ಸರಿಯಿಲ್ಲ ಅನ್ನಿಸಿ, ಎಲ್ಲರೂ ಹೋದ ಮೇಲೆ ಗೆಳೆಯನ ಜೊತೆ ಟೇಪ್ ಹಿಡಿದು ಅಳೆದರಂತೆ. ಸುಮಾರು ಮೂರು ಮೀಟರ್ ಜಾಸ್ತಿ ಓಡಿದ್ದರು. ಯಾರಿಗೂ ಹೇಳಲಿಲ್ಲ. ಬಹುಮಾನ ಹಂಚಿ ಆಗಿತ್ತು.

"ಓಡೋ ಮಗುಗೆ ತಾನು ಎಷ್ಟು ಓಡ್ತಿದ್ದೀನಿ ಅಂತ ಗೊತ್ತಾಗಲ್ಲಮ್ಮ. ಗೆರೆ ಹಾಕಿದವರನ್ನ ನಂಬಿ ಓಡುತ್ತೆ."

ಇಷ್ಟು ಹೇಳಿ ಎದ್ದು ಹೋಗಿ ಕೈಯಿಂದ ಮಣ್ಣು ಒತ್ತಿ ನೋಡಿದರು. ಇನ್ನೂ ಜಿಗುಟಿತ್ತು. ಒಣ ಮರಳು ತರಿಸಿ ಉದುರಿಸಿ, ಮಕ್ಕಳಿಂದ ರೋಲರ್ ಎಳೆಸಿದರು. ಒಳಂಚಿನ ಇಟ್ಟಿಗೆ ಸಾಲು ಒಂದು ತಿರುವಿನಲ್ಲಿ ಕೊಚ್ಚಿ ಹೋಗಿತ್ತು. ಮಂಡಿಯೂರಿ ಒಂದೊಂದೇ ಇಟ್ಟರು. ಆ ಅಂಚಿನಿಂದ 30 ಸೆಂಟಿಮೀಟರ್ ಹೊರಗೆ ಅಳೆದಾಗಲೇ ಒಂದನೇ ಲೇನ್ ಸರಿಯಾಗಿ 400 ಮೀಟರ್ ಆಗುವುದು. ನಾನು ದಾರದ ತುದಿ ಹಿಡಿದು ಅವರ ಹಿಂದೆ ಹಿಂದೆ ನಡೆದೆ. ಲೇನ್ ಅಗಲ 1.22. ಹಿಡಿ, ಬಿಡು, ಹಿಡಿ, ಬಿಡು. ಬೇರೆ ಮಾತಿಲ್ಲ.

ರಿಲೇ ಗುರುತು ಹಾಕುವಾಗ ಒಂದು ಚಿಕ್ಕ ಘಟನೆ ನಡೆಯಿತು. 4x100ಕ್ಕೆ ಅವರು ಹಳೆಯ ಲೆಕ್ಕದಲ್ಲಿ 20 ಮೀಟರಿನ ಝೋನ್ (ಬ್ಯಾಟನ್ ಕೈ ಬದಲಾಯಿಸುವ ಜಾಗ), ಅದಕ್ಕಿಂತ ಹಿಂದೆ 10 ಮೀಟರ್ ಬೇರೆ ಗೆರೆ ಹಾಕುತ್ತಿದ್ದರು. ನಮ್ಮ ಮೊದಲ ವರ್ಷದ ಹುಡುಗಿ ಹೆದರುತ್ತಲೇ, ಅಣ್ಣ ಈಗ ಅದು ಪೂರ್ತಿ 30 ಮೀಟರ್, 2017ರಲ್ಲೇ ಬದಲಾಯ್ತು ಅಂದಳು. ಅವರು ಅವಳನ್ನು ನೋಡಿದರು. ಆಮೇಲೆ ಚಪ್ಪಲಿಯಿಂದ ಗೆರೆ ಅಳಿಸಿ, ಸುಣ್ಣದ ಡಬ್ಬ ಅವಳ ಕೈಗೆ ಕೊಟ್ಟು, ನೀನೇ ಹಾಕು ಅಂದರು. ಮೂರೂ ಝೋನ್ ಅವಳೇ ಹಾಕಿದ್ದು. ಮರುದಿನ ಅದೇ ಗೆರೆಯಲ್ಲಿ ಅವಳು ಬ್ಯಾಟನ್ ತಗೊಂಡು ಓಡಿದಳು.

ಬೆಳಗ್ಗೆ ಐದೂ ಮುಕ್ಕಾಲಿಗೆ ಕೊನೆಯ ಗೆರೆ ಬಿತ್ತು. ಎಂಟೂವರೆಗೆ ಮೊದಲ ಹೀಟ್. ಒಂದು ಕಾಲೇಜಿನ ಕೋಚ್ ಸುಮ್ನೆ ಟ್ರ್ಯಾಕ್ ಸುತ್ತಿ ಬಂದು, ನಿನ್ನೆ ಇಲ್ಲಿ ಮಳೆ ಬಂದಿಲ್ವಾ ಅಂತ ಕೇಳಿದರು. ನನಗೆ ಉತ್ತರ ಕೊಡೋಕೆ ಆಗಲಿಲ್ಲ, ಗಂಟಲು ಕಟ್ಟಿತು. ಅಣ್ಣ ಆ ಹೊತ್ತಿಗೆ ಗ್ಯಾಲರಿ ಮೆಟ್ಟಿಲ ಮೇಲೆ, ಕೆಸರು ಕಾಲಿನಲ್ಲೇ, ಕೂತಲ್ಲೇ ನಿದ್ದೆ ಮಾಡುತ್ತಿದ್ದರು. 400 ಮೀಟರ್ ಫೈನಲ್‌ಗೆ ಮಾತ್ರ ಎಬ್ಬಿಸು ಅಂದಿದ್ದರು. ಎಬ್ಬಿಸಿದೆ. ಅವರು ನೋಡಿದ್ದು ಗೆದ್ದವನನ್ನಲ್ಲ, ಆರನೇ ಲೇನ್ ಹುಡುಗನನ್ನು. ಅವನು ಐದನೆಯವನಾಗಿ ಬಂದ. ಅಣ್ಣ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಇನ್ನೊಂದು ಮಾತಿದೆ. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಎರಡು ವರ್ಷದ ಹಿಂದೆ ನಮ್ಮಲ್ಲಿ 1500 ಮೀಟರ್ ಓಡುವ ಹುಡುಗಿಯೊಬ್ಬಳಿದ್ದಳು. ದೊಡ್ಡ ಮೀಟ್‌ಗೆ ಆಯ್ಕೆ ಆಗಿದ್ದಳು. ಕಳಿಸೋಕೆ ಹಣ ಇಲ್ಲ, ಮುಂದಿನ ವರ್ಷ ನೋಡೋಣ ಅಂದೆ. ಪರವಾಗಿಲ್ಲ ಮೇಡಂ ಅಂದಳು. ಮರುದಿನ ನನ್ನ ಟೇಬಲ್ ಮೇಲೆ ಅವಳ ಸ್ಪೈಕ್ಸ್ ಇತ್ತು, ತೊಳೆದು, ಲೇಸ್ ಕಟ್ಟಿ ಇಟ್ಟಿದ್ದಳು. ಆಮೇಲೆ ಅವಳು ಮೈದಾನಕ್ಕೆ ಬರಲಿಲ್ಲ. ನಾನು ಫೋನ್ ಮಾಡಲಿಲ್ಲ. ಮಾಡಬೇಕಿತ್ತು. ಹಳೆಯ ವಿದ್ಯಾರ್ಥಿಗಳನ್ನು ಕೇಳೋಕೆ ನನಗೆ ಸಂಕೋಚ ಆಗಿತ್ತು, ಆ ಸಂಕೋಚಕ್ಕೆ ಅವಳ ಓಟ ಹೋಯಿತು. ಕೇಳಿದ್ದರೆ ನೀವು ಕೊಡುತ್ತಿದ್ದಿರಿ ಅಂತ ಈಗ ಗೊತ್ತು. ಆಗಲೂ ಕೇಳಬಹುದಿತ್ತು.

ಮೀಟ್ ದಿನ ಅವಳು ಬಂದಿದ್ದಳು. ಈಗ ಅವಳೂ ಹಳೆಯ ವಿದ್ಯಾರ್ಥಿನಿ. ಏನಾದರೂ ಕೆಲಸ ಕೊಡಿ ಮೇಡಂ ಅಂದಳು. 5000 ಮೀಟರಿಗೆ ಲ್ಯಾಪ್ ಎಣಿಸೋಕೆ ನಿಲ್ಲಿಸಿದೆ. ಹನ್ನೆರಡೂವರೆ ಸುತ್ತು, ಒಂದೂ ತಪ್ಪಿಲ್ಲ. ಕೊನೆಯ ಲ್ಯಾಪ್‌ಗೆ ಗಂಟೆ ಹೊಡೆಯುವಾಗ ಎಲ್ಲರಿಗಿಂತ ಹಿಂದಿದ್ದ ಹುಡುಗಿಗೂ ಅಷ್ಟೇ ಜೋರಾಗಿ ಹೊಡೆದಳು. ಅವತ್ತೂ ನಾನು ಅವಳಿಗೆ ಸಾರಿ ಹೇಳಲಿಲ್ಲ, ಸುತ್ತ ಜನ ಇದ್ದರು. ಇಲ್ಲಿ, ಎಲ್ಲರ ಮುಂದೆ ಹೇಳುತ್ತಿದ್ದೇನೆ. ಸಾರಿ ಕಣಮ್ಮ. ನಿನ್ನ ಸ್ಪೈಕ್ಸ್ ಯಾರಿಗೂ ಕೊಟ್ಟಿಲ್ಲ.

ಬಸ್ ಖರ್ಚಿಗೆ ಅಂತ ಬೇರೆ ಹಣ ಎತ್ತಿಡುತ್ತಿದ್ದೇವೆ ಈಗ. ಅದನ್ನು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ಆಯ್ಕೆ ಆದ ಮಗು ಹೋಗಲೇಬೇಕು, ಪದಕ ಬರುತ್ತದೋ ಇಲ್ಲವೋ ಅದು ಆಮೇಲಿನ ಮಾತು. ಹೀಗೆ ಮಾಡೋಣ ಅಂತ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮೊದಲು ಹೇಳಿದವರು ಒಂದೂ ಪದಕ ಗೆಲ್ಲದವರು. ಗೆದ್ದವರು ತಕ್ಷಣ ಹೂಂ ಅಂದರು. ಅವತ್ತಿನ ಸಭೆಗೆ ಬಂದಿದ್ದ ಎಲ್ಲರಿಗೂ ನಾನು ಋಣಿ.

ಮಾರ್ಕಿಂಗ್ ಅಣ್ಣ, ನಿಮ್ಮ ಸ್ಟೀಲ್ ಟೇಪ್ ಇಲ್ಲೇ ಉಳಿದಿದೆ. ಕೆಸರು ತೊಳೆದು, ಒರೆಸಿ, ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿ ಸ್ಟೋರ್ ರೂಮಿನ ಮೊಳೆಗೆ ನೇತು ಹಾಕಿದ್ದೇನೆ. ಆ 30 ಮೀಟರ್ ಹುಡುಗಿ ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿಲ್ಲ. ಪೋಸ್ಟ್‌ನಲ್ಲಿ ಕಳಿಸಲ್ಲ ಅಣ್ಣ, ನೀವೇ ಬಂದು ತಗೊಂಡು ಹೋಗಬೇಕು.